ಮನೆಯಲ್ಲೇ ಇರು ಎಂಬ ಹೆಸರಿನವರು

ಅವರ ಎಡಗೈ ಬಲಗೈಗಿಂತ ಕಪ್ಪಗಿತ್ತು. ಮೊಣಕೈಯಿಂದ ಬೆರಳ ತುದಿಯವರೆಗೆ ಕಂದು ಚುಕ್ಕೆಗಳು ತುಂಬಿ, ಚರ್ಮ ಒಣ ಅಂಜೂರದ ಹಾಗೆ ಮುದುಡಿಕೊಂಡಿತ್ತು. ಬಲಗೈ ಮಾತ್ರ ಬೆಳ್ಳಗೆ, ನುಣ್ಣಗೆ, ಬೇರೆ ಯಾರದೋ ಕೈಯನ್ನು ತಂದು ಜೋಡಿಸಿದಂತೆ. ಲಾರಿಯ ಕಿಟಕಿಯ ಮೇಲೆ ಎಡಮೊಣಕೈ ಊರಿಕೊಂಡು, ಹಾಲೆಂಡಿನ ಹೂವನ್ನು ಆಲ್ಪ್ಸ್ ದಾಟಿಸಿ ಇಟಲಿಯವರೆಗೆ ಸಾಗಿಸುತ್ತಾ ಅವರು ಆಯುಷ್ಯದ ಅರ್ಧ ಕಳೆದಿದ್ದರು. ನಿವೃತ್ತರಾಗಿ ಎಷ್ಟೋ ವರ್ಷವಾದರೂ ಆ ಬಿಸಿಲು ಕೈ ಬಿಟ್ಟು ಹೋಗಿರಲಿಲ್ಲ.

ವೂರ್‌ಬರ್ಗ್‌ನಲ್ಲಿ ನಾವು ಬಾಡಿಗೆಗಿದ್ದ ಕಟ್ಟಡದ ನೆಲಮಹಡಿ ಅವರದು, ಅವರ ನೆತ್ತಿಯ ಮೇಲಿನ ಮನೆ ನಮ್ಮದು. ನಾನೂ ನನ್ನ ಗಂಡನೂ ನಮ್ಮನಮ್ಮಲ್ಲಿ ಅವರನ್ನು ‘ಕೆಳಮನಿ ಅಜ್ಜಾರು’ ಎನ್ನುತ್ತಿದ್ದೆವು. ಎದುರಿಗೆ ಸಿಕ್ಕರೆ ‘ಓಪಾ’ ಎಂದು ಕರೆಯುತ್ತಿದ್ದೆವು. ಡಚ್ಚಿನಲ್ಲಿ ಅಜ್ಜ ಎಂದೇ ಅರ್ಥ. ಮೊದಲ ವರ್ಷ ನಮ್ಮ ಪರಿಚಯ ಅಷ್ಟಕ್ಕೇ ನಿಂತಿತ್ತು. ಬೆಳಗಾದರೆ ನಾನು ಟ್ರಾಮ್ ಹಿಡಿದು ಹೇಗ್ ನಗರದ ಕಚೇರಿಗೆ ಓಡುತ್ತಿದ್ದೆ, ನನ್ನ ಗಂಡ ನ್ಯೂವೆಗೈನ್‌ಗೆ. ಕೆಳಗಿನ ಕಿಟಕಿಯಲ್ಲಿ ಆ ಕಪ್ಪು ಕೈ ಮೇಲೆದ್ದು ಹೋಗಿ ಬನ್ನಿ ಎನ್ನುವ ಹಾಗೆ ಅಲ್ಲಾಡುತ್ತಿತ್ತು.

ಕೊರೊನಾ ಬಂದು ದೇಶ ಬಾಗಿಲು ಹಾಕಿಕೊಂಡ ಮೇಲೆಯೇ ನಾನು ಅವರ ಹೆಸರನ್ನು ಸರಿಯಾಗಿ ಓದಿದ್ದು. ಅದಕ್ಕೂ ಪಾರ್ಸೆಲ್ ತಂದವನೊಬ್ಬ ಕಾರಣನಾದ.

ಆ ವಸಂತದಲ್ಲಿ ಬಸ್ ನಿಲ್ದಾಣ, ಸೂಪರ್‌ಮಾರ್ಕೆಟ್ಟಿನ ಗಾಜು, ಹೆದ್ದಾರಿಯ ಫಲಕ, ಎಲ್ಲಿ ನೋಡಿದರೂ ಒಂದೇ ಮಾತು: ‘ಬ್ಲೈಫ್ ತೌಸ್’. ಮನೆಯಲ್ಲೇ ಇರಿ. ಒಂದು ಮಧ್ಯಾಹ್ನ ಹೊರಗೆ ಯಾರೋ ಕೂಗಿದ್ದು ಕೇಳಿ ಕಿಟಕಿ ತೆರೆದೆ. ಪಾರ್ಸೆಲ್ ತಂದವನು ನಮ್ಮ ಅಕ್ಕಿಚೀಲವನ್ನು ಕಾಲುದಾರಿಯ ಮೇಲೆ ಇಳಿಸಿ, ತಾನು ರಸ್ತೆಯ ಆಚೆ ಹೋಗಿ ನಿಂತಿದ್ದ.

“ಒಳಗೆ ಬರೋಲ್ಲ ಮೇಡಂ. ಕೆಳಗಿನ ಮನೇಲಿ ಕಾಯಿಲೆ ಇದೆ. ಬಾಗಿಲ ಹತ್ತಿರ ಬರೆದು ಹಾಕಿದ್ದಾರೆ,” ಎಂದ.

ದಡದಡನೆ ಕೆಳಗಿಳಿದು ಬಂದೆ. ಅಜ್ಜನ ಬಾಗಿಲ ಗಂಟೆಯ ಪಕ್ಕ ಹಳೆಯ ಹಿತ್ತಾಳೆ ಫಲಕದಲ್ಲಿ ಕೆತ್ತಿದ್ದು ಒಂದೇ ಒಂದು ಉದ್ದನೆಯ ಪದ: ‘ಬ್ಲೈಬಿನ್‌ಹೌಸ್’. ಡಚ್ ಬಲ್ಲ ಯಾರಿಗಾದರೂ ಅದರಲ್ಲಿ ‘ಮನೆಯೊಳಗೇ ಇರು’ ಎಂದು ಕಾಣುತ್ತದೆ. ಅಷ್ಟರಲ್ಲಿ ಬಾಗಿಲು ತೆರೆಯಿತು. ಅಜ್ಜ ಅವನನ್ನೂ ನನ್ನನ್ನೂ ಫಲಕವನ್ನೂ ಒಂದು ಸುತ್ತು ನೋಡಿದರು.

“ಅದು ಕಾಯಿಲೆ ಅಲ್ಲಪ್ಪ, ನನ್ನ ಮನೆತನದ ಹೆಸರು. ಎಂಬತ್ತು ವರ್ಷದಿಂದ ನನಗಿದೆ, ಇನ್ನೂ ಯಾರಿಗೂ ಅಂಟಿಲ್ಲ,” ಎಂದರು.

ರಸ್ತೆಯಾಚೆಯವನು ಬಗ್ಗಿ ಬಗ್ಗಿ ನಕ್ಕ. ಅಜ್ಜನೂ ನಕ್ಕರು. ಆ ಮಾತಿನ ಕೊನೆಯ ತುಂಡು ನನಗೆ ಅರ್ಥವಾಗಲು ಇನ್ನೂ ಕೆಲವು ವಾರ ಬೇಕಾಯಿತು. ಅವರಿಗೆ ಮಕ್ಕಳಿರಲಿಲ್ಲ, ಹೆಂಡತಿ ತೀರಿಹೋಗಿದ್ದರು, ಆ ಹೆಸರಿನ ಇನ್ನೊಬ್ಬ ಮನುಷ್ಯನನ್ನು ಅವರು ತಮ್ಮ ಜೀವಮಾನದಲ್ಲಿ ಕಂಡಿರಲಿಲ್ಲ.

ಅಂದಿನಿಂದ ನಮ್ಮ ಮಾತು ಶುರುವಾಯಿತು. ಹಿತ್ತಲಲ್ಲಿ ಅವರಿಗೊಂದು ಕೈಯಗಲದ ತೋಟವಿತ್ತು, ಅದರ ಮೇಲಕ್ಕೆ ನಮ್ಮ ಬಾಲ್ಕನಿ. ಅವರು ಕೆಳಗೆ ಕುರ್ಚಿ ಹಾಕಿಕೊಂಡು ಕತ್ತೆತ್ತಿ, ನಾನು ಮೇಲೆ ಕಂಬಿಗೆ ಒರಗಿ ಕತ್ತು ಬಗ್ಗಿಸಿ. ಕಾಯ್ದುಕೊಳ್ಳಬೇಕಾದ ಅಂತರ ತಾನಾಗಿಯೇ ಒದಗಿತ್ತು. ನನ್ನ ಡಚ್ ಆಗ ಅಂಗಡಿ ಬೀದಿಗೆ ಸಾಲುವಷ್ಟು, ಅವರ ಇಂಗ್ಲಿಷ್ ಗಡಿಯ ತಪಾಸಣೆಗೆ ಸಾಲುವಷ್ಟು. ಎರಡನ್ನೂ ಕಲಸಿ ಮಾತಾಡುತ್ತಿದ್ದೆವು.

ಅವರ ಹೆಸರು ಜರ್ಮನ್ ಮೂಲದ್ದು, ಜರ್ಮನ್ನರಲ್ಲಿ ಹೀಗೆ ಪೂರಾ ವಾಕ್ಯವೇ ಮನೆತನದ ಹೆಸರಾದದ್ದು ಇದೆ ಎಂದು ಅವರಿಂದ ಕೇಳಿ ನಾನು ಬೆರಗಾದೆ. ನೇಗಿಲನ್ನು ದ್ವೇಷಿಸು ಎಂಬ ಹೆಸರಿದೆಯಂತೆ. ಹವಾಮಾನ ನೋಡು ಎಂಬ ಹೆಸರಿದೆಯಂತೆ. ನೂರಾರು ವರ್ಷಗಳ ಹಿಂದೆ ಯಾರೋ ಯಾರಿಗೋ ಆಡಿದ ಮಾತು ಅಂಟಿಕೊಂಡು, ಮಕ್ಕಳು ಮೊಮ್ಮಕ್ಕಳಿಗೆ ಇಳಿದು ಬಂದಿತ್ತು.

“ಬೇಕರ್ ಅನ್ನೋನ ವಂಶದಲ್ಲಿ ಒಬ್ಬ ರೊಟ್ಟಿ ಸುಡ್ತಿದ್ದ ಅಂತಾದ್ರೂ ಗೊತ್ತಾಗುತ್ತೆ. ನನ್ನದು ಬರೀ ಆಜ್ಞೆ. ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಯಾಕೆ ಕೊಟ್ಟರು, ಒಂದೂ ಗೊತ್ತಿಲ್ಲ,” ಎನ್ನುತ್ತಿದ್ದರು.

ನಾನು ನನ್ನ ಊರು ಗದುಗಿನ ಹಾಜರಿಯನ್ನು ಅವರಿಗೆ ಒಪ್ಪಿಸಿದೆ. ನಮ್ಮ ತರಗತಿಯಲ್ಲಿ ಒಬ್ಬಳು ಉಳ್ಳಾಗಡ್ಡಿ, ಒಬ್ಬಳು ಮೆಣಸಿನಕಾಯಿ, ಇಬ್ಬರೂ ಒಂದೇ ಬೆಂಚು. ಹಿಂದಿನ ಸಾಲಿನಲ್ಲಿ ಬೆಲ್ಲದ. ಅಜ್ಜ ಕುರ್ಚಿಯಿಂದ ಎದ್ದೇಬಿಟ್ಟರು. ಈರುಳ್ಳಿಗೆ ಹೆಸರು ಬಂದದ್ದು ಹೇಗೆ, ಬೆಳೆದರೋ ಮಾರಿದರೋ, ಮೆಣಸಿನಕಾಯಿಯವರು ಕೋಪಿಷ್ಠರೋ, ಪ್ರಶ್ನೆಯ ಮೇಲೆ ಪ್ರಶ್ನೆ. ಮರುದಿನ ನಾನು ಬಟ್ಟೆ ಹರವಲು ಹೊರಬಂದರೆ ಕೆಳಗಿನಿಂದ ದನಿ: “ಇವತ್ತು ಯಾವ ಹೆಸರು?”

ನಾನು ಊರಿನ ಗೆಳತಿಯರಿಗೆಲ್ಲ ಫೋನು ಮಾಡಿ ವಿಚಿತ್ರ ಅಡ್ಡಹೆಸರು ಕೂಡಿಹಾಕತೊಡಗಿದೆ. ನನ್ನ ಗಂಡ ನಗುತ್ತಿದ್ದರು. “ಏನಿದು, ಜಗತ್ತೆಲ್ಲಾ ಬ್ಯಾನಿ ಸುದ್ದಿ ಕೇಳಾಕತ್ತೇತಿ, ನೀವಿಬ್ರೂ ಹೆಸರಿನ ಸಂತಿ ಹಚ್ಚೀರಿ.”

ಒಂದು ದಿನ ಅವರು ನನ್ನ ಹೆಸರನ್ನೇ ಕೇಳಿದರು. ಈ ದೇಶದಲ್ಲಿ ಮದುವೆಯಾದರೂ ಹೆಣ್ಣಿನ ತವರಿನ ಹೆಸರು ಬದಲಾಗುವುದಿಲ್ಲ, ಹಾಗಾಗಿ ನನ್ನ ಅಂಚೆಡಬ್ಬಿಯ ಮೇಲೆ ‘ನದಾಫ್’ ಎಂದೇ ಇತ್ತು.

“ಅರ್ಥ ಏನು?”

“ಏನಿಲ್ಲ ಓಪಾ, ಸುಮ್ಮನೆ ಒಂದು ಹೆಸರು.”

“ಸುಮ್ಮನೆ ಅಂತ ಹೆಸರು ಇರೋದಿಲ್ಲ,” ಎಂದರು. ಗದರಿದ ಹಾಗಿತ್ತು.

ನನಗೆ ಅರ್ಥ ಗೊತ್ತಿತ್ತು. ಶಾಲೆಯಲ್ಲಿ ‘ಗಾದಿ’ ಎಂದು ಕರೆಸಿಕೊಂಡವಳಿಗೆ ಗೊತ್ತಿರದೆ ಇರುತ್ತದೆಯೇ. ಆದರೆ ಅದರಾಚೆ ಎಂದೂ ಕೇಳಿರಲಿಲ್ಲ. ಅಂದು ಸಂಜೆ ಗದುಗಿನಲ್ಲಿದ್ದ ನನ್ನ ತಂದೆಗೆ ಫೋನು ಹಚ್ಚಿದೆ.

“ಅಬ್ಬಾ, ನಮಗ ನದಾಫ್ ಅಂತ ಹೆಂಗ ಬಂತ್ರಿ?”

“ಯಾಕ ಬೇಟಿ, ಅಲ್ಲಿ ಯಾರರೆ ಏನರೆ ಅಂದ್ರೇನು?”

“ಇಲ್ರಿ. ಕೆಳಮನಿ ಅಜ್ಜಾರು ಕೇಳಾಕತ್ತಾರ.”

ಅಬ್ಬಾ ಕೆಮ್ಮಿ ಗಂಟಲು ಸರಿಮಾಡಿಕೊಂಡರು. ಯಾರಾದರೂ ಕೇಳಲೆಂದು ಎಷ್ಟು ವರ್ಷದಿಂದ ಕಾದಿದ್ದರೋ. “ನನ್ನ ಅಜ್ಜ ಬಿಲ್ಲು ಹೆಗಲಿಗೆ ಹಾಕ್ಕೊಂಡು ಓಣಿ ಓಣಿ ತಿರಗತಿದ್ದ. ಹತ್ತಿ ಹಿಂಜೋ ಬಿಲ್ಲು. ಅದರ ತಂತಿ ಮೀಟಿದ್ರ ಆ ತುದಿ ಮನಿಗೂ ಕೇಳತಿತ್ತು. ಮಂದಿ ಗಾದಿ ಬಿಚ್ಚಿ ಅಂಗಳಕ್ಕ ತಂದು ಹಾಕತಿದ್ರು. ಕಲ್ಲಿನಂಥ ಹತ್ತಿ ಮೋಡ ಆಗಿ ಏಳತಿತ್ತು, ಬೇಟಿ. ನಾ ಸಣ್ಣಾವಿದ್ದಾಗ ಅದರಾಗ ಬೀಳತಿದ್ದೆ, ಬೈಸ್ಕೋತಿದ್ದೆ.”

ಮರುದಿನ ಇದನ್ನೆಲ್ಲ ಬಾಲ್ಕನಿಯಿಂದ ಕೈಸನ್ನೆ ಮಾಡಿ, ತಂತಿಯ ಸದ್ದನ್ನು ಬಾಯಲ್ಲೇ ಹೊರಡಿಸಿ ಅಜ್ಜನಿಗೆ ಹೇಳಿದೆ. ಅವರು ಕೇಳುತ್ತಾ ಕೇಳುತ್ತಾ ಎರಡೂ ಕೈ ಮೇಲೆತ್ತಿ ನನ್ನನ್ನು ತಡೆದರು.

“ವೊಲ್‌ಶ್ಲೇಗರ್! ನಿನ್ನ ಹೆಸರು ನಮ್ಮಲ್ಲೂ ಇದೆ. ಬಿಲ್ಲಿನ ತಂತಿ ಬಡಿದು ಉಣ್ಣೆ ಬಿಡಿಸೋನು. ಆ ಹೆಸರಿನವನೊಬ್ಬ ನನ್ನ ಜೊತೆ ಲಾರಿ ಓಡಿಸ್ತಿದ್ದ. ಅವನಿಗೆ ಬಿಲ್ಲಿನ ವಿಷಯ ಗೊತ್ತೇ ಇರಲಿಲ್ಲ, ನಾನು ಹೇಳಿದೆ.”

ಹಾಲೆಂಡಿನ ಒಂದು ಹಿತ್ತಲಲ್ಲಿ, ಯಾವುದೋ ಜರ್ಮನ್ ಉಣ್ಣೆಯವನೂ ನನ್ನ ಗದುಗಿನ ಮುತ್ತಜ್ಜನೂ ಒಂದೇ ಕಸುಬಿನವರಾಗಿ ಸಿಕ್ಕಿದ್ದರು. ಅವತ್ತು ರಾತ್ರಿಯೂಟಕ್ಕೆ ಕೂತಾಗ ನಾನು ನನ್ನ ಗಂಡನಿಗೆ ಅದನ್ನು ಎರಡು ಸಲ ಹೇಳಿದೆನಂತೆ.

ಅಜ್ಜನಿಗೆ ಈ ಹುಚ್ಚು ಹತ್ತಿದ್ದು ಯಾಕೆಂದು ಮುಂದೆ ಬೇಸಿಗೆಯಲ್ಲಿ, ನಿರ್ಬಂಧ ಸ್ವಲ್ಪ ಸಡಿಲಾಗಿ ನಾವು ಅವರ ತೋಟದಲ್ಲೇ ದೂರ ದೂರ ಕುರ್ಚಿ ಹಾಕಿಕೊಂಡು ಕೂತಾಗ ತಿಳಿಯಿತು. ಅವರು ಹುಟ್ಟಿದ್ದು ದಕ್ಷಿಣ ಜರ್ಮನಿಯ ಬವೇರಿಯಾದ ಯಾವುದೋ ಹಳ್ಳಿಯಲ್ಲಿ. ಕಾಗದಪತ್ರ ಉಳಿದಿರಲಿಲ್ಲ, ತಾಯಿ ಆ ಊರಿನ ಮಾತೆತ್ತುತ್ತಿರಲಿಲ್ಲ, ಅದರ ಹೆಸರೂ ಅವರಿಗೆ ನೆನಪಿರಲಿಲ್ಲ. ತಂದೆ ಯುದ್ಧಕ್ಕೆ ಹೋದವರು ಹಿಂದಿರುಗಲಿಲ್ಲ. ತಾಯಿ ಒಬ್ಬ ಡಚ್ ಗಂಡಸನ್ನು ಮದುವೆಯಾಗಿ ಮಗನನ್ನು ಕರೆದುಕೊಂಡು ಈ ದೇಶಕ್ಕೆ ಬಂದರು. ಯುದ್ಧ ಮುಗಿದು ಇನ್ನೂ ಹೆಚ್ಚು ಕಾಲವಾಗಿರದ ಹಾಲೆಂಡಿನಲ್ಲಿ ಜರ್ಮನ್ ಹೆಸರಿನ ಹುಡುಗನ ಪಾಡು ಕೇಳಬೇಕೆ. ಶಾಲೆಯ ಗೇಟಿನಲ್ಲೇ ಅವನ ಹೆಸರನ್ನು ಅವನಿಗೇ ಎಸೆಯುತ್ತಿದ್ದರು: ಮನೆಯಲ್ಲೇ ಇರು, ಬರಬೇಡ.

“ಮಲತಂದೆ ಒಳ್ಳೆಯವನು. ನನ್ನ ಹೆಸರು ತಗೋ ಮಗಾ, ಎಲ್ಲ ಸರಿಹೋಗುತ್ತೆ ಅಂದ. ನಾನು ಒಲ್ಲೆ ಅಂದೆ. ಅಪ್ಪ ವಾಪಸ್ ಬಂದರೆ ನನ್ನನ್ನ ಹೇಗೆ ಹುಡುಕ್ತಾನೆ ಅಂತ,” ಎಂದರು ಅಜ್ಜ. ಆ ಮೇಲೆ ತಮ್ಮಷ್ಟಕ್ಕೇ, “ಮನೆಯಲ್ಲೇ ಇರು ಅನ್ನೋ ಹೆಸರಿಟ್ಟುಕೊಂಡವನು ಅಷ್ಟು ದೂರ ಯಾಕೆ ಹೋದನೋ,” ಎಂದರು.

ಲಾರಿ ಓಡಿಸುವ ಕೆಲಸ ಹಿಡಿದದ್ದೂ ಅರ್ಧ ಇದಕ್ಕಾಗಿಯೇ. ಬವೇರಿಯಾ ದಾಟುವಾಗ ನಿಲ್ಲಿಸಿದ ಊರಲ್ಲೆಲ್ಲ ಟೆಲಿಫೋನ್ ಬೂತಿಗೆ ಹೋಗಿ ಡೈರೆಕ್ಟರಿಯ ‘ಬ್ಲ’ ಪುಟ ತಿರುವುತ್ತಿದ್ದರಂತೆ. ಹೂವಿನ ಲಾರಿ ಹೆದ್ದಾರಿ ಬಿಟ್ಟು ಒಳಕ್ಕೆ ಹೋಗುವಂತಿರಲಿಲ್ಲ, ಹೂವು ಬಾಡುತ್ತದೆ. ಹೆದ್ದಾರಿಯ ಪಕ್ಕದ ಊರುಗಳಲ್ಲಿ ಆ ಹೆಸರು ಇರಲಿಲ್ಲ. ನಿವೃತ್ತರಾದ ಮೇಲೆ ಹೆಂಡತಿಯ ಕಾಯಿಲೆ, ಆಮೇಲೆ ಅವರೊಬ್ಬರೇ. ಹುಡುಕುವುದನ್ನು ಬಿಟ್ಟಿದ್ದರು. ಕಂಪ್ಯೂಟರು ಅವರ ಮನೆಯೊಳಗೆ ಕಾಲಿಟ್ಟಿರಲಿಲ್ಲ.

“ಅಷ್ಟೇನಾ, ನಾ ನೋಡತೀನಿ ತಡೀರಿ,” ಎಂದು ನನ್ನ ಗಂಡ ಲ್ಯಾಪ್‌ಟಾಪ್ ತಂದರು. ಜರ್ಮನಿಯ ಯಾವ ಮೂಲೆಯಲ್ಲಿ ಯಾವ ಹೆಸರಿನವರಿದ್ದಾರೆಂದು ನಕ್ಷೆಯಲ್ಲಿ ತೋರಿಸುವ ಪುಟಗಳಿವೆ. ಸಾಮಾನ್ಯ ಹೆಸರು ಹಾಕಿದರೆ ಇಡೀ ದೇಶ ಬಣ್ಣವಾಗುತ್ತದೆ. ಅಜ್ಜನ ಹೆಸರು ಹಾಕಿದಾಗ ನಕ್ಷೆ ಬಿಳಿಯಾಗಿಯೇ ಉಳಿಯಿತು. ಅಜ್ಜ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. ಆಗ ಕಂಡಿತು, ಕೆಳಗೆ, ಬವೇರಿಯಾದಲ್ಲಿ, ಸಾಸಿವೆ ಚೆಲ್ಲಿದಂತೆ ಒಂದಿಷ್ಟು ಚುಕ್ಕೆ.

“ಅದು ಪರದೆಯ ಮೇಲಿನ ಧೂಳಲ್ಲ ತಾನೇ?” ಎಂದು ಕೇಳಿದರು.

ಧೂಳಾಗಿರಲಿಲ್ಲ. ಆ ಹೆಸರಿನಲ್ಲೇ ಅಲ್ಲೊಂದು ಸಣ್ಣ ಊರಲ್ಲಿ ಗಿಡ ಮತ್ತು ಬೀಜ ಮಾರುವ ಅಂಗಡಿಯಿತ್ತು. ಅಂಗಡಿಗೆ ಸಂದೇಶ ಕಳಿಸಿದೆವು. ಎರಡನೆಯ ದಿನ ಉತ್ತರ ಬಂತು: ಭಾನುವಾರ ವಿಡಿಯೋದಲ್ಲಿ ಮಾತಾಡೋಣ.

ಆ ಭಾನುವಾರ ಅಜ್ಜ ಟೈ ಕಟ್ಟಿದ್ದರು. ತೋಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ನಾವಿಬ್ಬರೂ ಹಿಂದೆ ಸರಿದು ನಿಂತೆವು. ಪರದೆಯ ಮೇಲೆ ಅರವತ್ತು ದಾಟಿದ, ಕೆಂಪು ಕೆನ್ನೆಯ ಹೆಂಗಸೊಬ್ಬರು ಬಂದರು. ಅಂಗಡಿಯ ಒಡತಿ.

“ಬ್ಲೈಬಿನ್‌ಹೌಸ್,” ಎಂದರು ಆಕೆ.

“ಬ್ಲೈಬಿನ್‌ಹೌಸ್,” ಎಂದರು ಅಜ್ಜ.

ತಮ್ಮ ಹೆಸರನ್ನು ಇನ್ನೊಬ್ಬರ ಬಾಯಲ್ಲಿ, ಅವರದೇ ಹೆಸರಾಗಿ, ಅಜ್ಜ ಮೊದಲ ಸಲ ಕೇಳುತ್ತಿದ್ದರು.

ಆಮೇಲೆ ಅಜ್ಜ ಹೆಸರಿನ ಮೂಲವನ್ನೇ ಕೇಳಿದರು. ನಡುನಡುವೆ ನಮಗಾಗಿ ಡಚ್ಚಿಗೆ ತಿರುಗಿಸಿ ಹೇಳುತ್ತಿದ್ದರು. ಒಡತಿಯ ಮನೆಯಲ್ಲಿ ಎರಡು ಕಥೆಗಳಿದ್ದವು. ಹಿಂದಿನ ಕಾಲದಲ್ಲಿ ಕಸುಬು ಕಲಿತ ಹುಡುಗರು ಊರೂರು ಅಲೆದು ಕೆಲಸ ಮಾಡಿ ಬರಬೇಕಿತ್ತು. ಹಾಗೆ ಹೋಗದೆ ಮನೆಯಲ್ಲೇ ಕೂತ ಒಬ್ಬನಿಗೆ ಜೊತೆಯವರು ಅಣಕಿಸಿ ಇಟ್ಟ ಹೆಸರು, ಎಂಬುದು ಒಂದು. ಒಡೆಯ ಹೊರಗೆ ಹೋದಾಗ ಮನೆ ಕಾಯಲು ಬಿಟ್ಟು ಹೋಗುತ್ತಿದ್ದ ನಂಬಿಕಸ್ಥ ಆಳಿನ ಹೆಸರು, ಎಂಬುದು ಇನ್ನೊಂದು.

“ಮೂರನೇದೂ ಒಂದಿದೆ,” ಎಂದರು ಆಕೆ. “ಹಿಂದೆ ಪ್ಲೇಗು ಬಂದಾಗ ನಮ್ಮ ಮೂಲಪುರುಷ ಬಾಗಿಲು ಹಾಕಿಕೊಂಡು ಮನೆಮಂದಿಯನ್ನೆಲ್ಲ ಉಳಿಸಿಕೊಂಡನಂತೆ. ಈಗ ನನ್ನ ಮಕ್ಕಳು ಎಲ್ಲರಿಗೂ ಅದನ್ನೇ ಹೇಳ್ತಾರೆ. ಆದರೆ ಈ ಮಾರ್ಚಿಗಿಂತ ಮುಂಚೆ ಆ ಕಥೆಯನ್ನ ನಾನಂತೂ ಕೇಳಿರಲಿಲ್ಲ.”

ಅಜ್ಜ ನಕ್ಕ ನಗುವಿಗೆ ಪಕ್ಕದ ತೋಟದವರು ಬೇಲಿಯಿಂದ ಇಣುಕಿದರು. ನಗು ನಿಂತ ಮೇಲೆ ಹೇಳಿದರು: “ನನಗೆ ಬೇರೆಯೇ ಅನ್ನಿಸ್ತಿತ್ತು. ಹೊರಟು ನಿಂತ ಮಗನಿಗೆ ಯಾವುದೋ ತಾಯಿ ಹೇಳಿದ ಮಾತು ಇರಬೇಕು ಅಂತ. ನನ್ನ ಅಪ್ಪನಿಗೂ ಯಾರಾದ್ರೂ ಹೇಳಬೇಕಿತ್ತು.”

ಆಕೆಯ ಮುಖ ಬದಲಾಯಿತು. ನಿಮ್ಮ ತಂದೆಯ ಕಸುಬೇನು, ಎಂದು ಕೇಳಿದರು. ಚಕ್ರ ಮಾಡುವ ಬಡಗಿ ಎಂದಿದ್ದಳು ಅಮ್ಮ, ಎಂದರು ಅಜ್ಜ. ಆಕೆ ಪರದೆಯ ಹತ್ತಿರಕ್ಕೆ ಬಂದರು.

“ನಿಮ್ಮ ತಾಯಿ ಹಾಲೆಂಡಿನವರೊಬ್ಬರನ್ನ ಮದುವೆಯಾಗಿ ಮಗನ್ನ ಕರ್ಕೊಂಡು ಹೋದವರಾ?”

ಅಜ್ಜ ತಲೆಯಾಡಿಸಿದರು.

“ನನ್ನ ಅಜ್ಜಿ ಸಾಯೋವರೆಗೂ ನಿಮ್ಮನ್ನ ಹುಡುಕಿದಳು. ನಿಮ್ಮಪ್ಪ ಅವಳ ಗಂಡನ ತಮ್ಮ. ಹುಡುಗನಿಗೆ ಮಲತಂದೆಯ ಹೆಸರು ಬಂದಿರುತ್ತೆ ಅಂತ ತಿಳ್ಕೊಂಡು ಆ ಹೆಸರಲ್ಲೇ ಹುಡುಕಿದರು. ಹಾಲೆಂಡಿನಲ್ಲಿ ಅಂಥವನೊಬ್ಬನೂ ಇಲ್ಲ ಅಂತ ಉತ್ತರ ಬಂತು. ಬ್ಲೈಬಿನ್‌ಹೌಸ್ ಅಂತ ಒಂದು ಸಲವೂ ಕೇಳಲಿಲ್ಲ.”

ಇದನ್ನು ಅಜ್ಜ ಆಗ ನಮಗೆ ಡಚ್ಚಿನಲ್ಲಿ ಹೇಳಲಿಲ್ಲ, ನಮಗೆ ತಿಳಿದದ್ದು ರಾತ್ರಿ. ಎದ್ದು ತೋಟದ ಕೊನೆಯವರೆಗೂ ನಡೆದುಹೋಗಿ, ಬೇಲಿಯ ಕಡೆ ಮುಖ ಮಾಡಿ ನಿಂತರು. ಪರದೆಯಲ್ಲಿ ಆಕೆ ಕಣ್ಣೊರೆಸಿಕೊಳ್ಳುತ್ತಿದ್ದರು. ಏನಾಯಿತೆಂದು ನಮಗೆ ಅರ್ಥವಾಗದೆ ನಾನು ನನ್ನ ಗಂಡನ ತೋಳು ಹಿಡಿದೆ. ಅಜ್ಜ ಹಿಂತಿರುಗಿ ಬಂದು ಕುರ್ಚಿಯಲ್ಲಿ ಕೂತು, ಟೈ ಸರಿಮಾಡಿಕೊಂಡು ಕೇಳಿದರು: “ಅಲ್ಲಿ ನೀವು ಒಟ್ಟು ಎಷ್ಟು ಜನ ಇದ್ದೀರಿ?”

ಆಕೆ ಬೆರಳು ಮಡಿಸುತ್ತಾ ಹೆಸರು ಹೇಳತೊಡಗಿದರು. ಬೆರಳು ಮುಗಿದವು, ಮತ್ತೆ ಮೊದಲಿನಿಂದ ಹಿಡಿದರು. ಅಜ್ಜ ಪ್ರತಿ ಹೆಸರಿಗೂ “ಯಾ, ಯಾ” ಎಂದು ಹೂಂಗುಟ್ಟುತ್ತಿದ್ದರು.

ಅವತ್ತಿನಿಂದ ಅವರು ಎಂಬತ್ತರ ಮುದುಕರಾಗಿ ಉಳಿಯಲಿಲ್ಲ. ನನ್ನ ಗಂಡನ ಹಿಂದೆ ಬಿದ್ದು ಮೊಬೈಲಿನಲ್ಲಿ ವಿಡಿಯೋ ಕರೆ ಮಾಡುವುದನ್ನು ಕಲಿತರು. ಬೆಳಿಗ್ಗೆ ನಾನು ಚಹಾ ಕುದಿಸುವಾಗ ಕೆಳಗಿನಿಂದ ಜರ್ಮನ್ ಮಾತು ಕೇಳುತ್ತಿತ್ತು, ಮಕ್ಕಳ ಕೇಕೆ ಕೇಳುತ್ತಿತ್ತು. ಚಳಿಗಾಲದಲ್ಲಿ ಮತ್ತೆ ಎಲ್ಲ ಮುಚ್ಚಿತು, ಸಂಜೆಯ ಕರ್ಫ್ಯೂ ಬಂತು. ಅವರಿಗೆ ಸಿಟ್ಟು. “ಈಗ ಹೋಗೋಕೆ ಜಾಗ ಸಿಕ್ಕಿದೆ, ಈಗಲೇ ಸರ್ಕಾರ ನನ್ನ ಹೆಸರು ಹಿಡಿದು ಕರೀತಿದೆ,” ಎನ್ನುತ್ತಿದ್ದರು.

ಲಸಿಕೆಗೆ ನಾವೇ ಕಾರಿನಲ್ಲಿ ಕರೆದೊಯ್ದೆವು. ಬಾಗಿಲಲ್ಲಿದ್ದ ಹೆಂಗಸು ಹೆಸರು ಕೇಳಿದಳು. ಅವರು ಹೇಳಿದರು. “ಇಲ್ಲ ಸರ್, ನೀವು ಮನೆಯಲ್ಲಿರಬೇಕಿಲ್ಲ, ಒಳಗೆ ಬನ್ನಿ,” ಎಂದಳು ಅವಳು ಗಂಭೀರವಾಗಿ. ಆ ಮಾತನ್ನು ಅವರು ಬವೇರಿಯಾಕ್ಕೆ ಅವತ್ತೇ ಕರೆ ಮಾಡಿ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೇಳಿದರು.

ಆ ವಸಂತದಲ್ಲಿ ನನಗೆ ಮಗಳು ಹುಟ್ಟಿದಳು. ಹುಟ್ಟನ್ನು ನಗರಸಭೆಯಲ್ಲಿ ಬರೆಸುವಾಗ ಮನೆತನದ ಹೆಸರೂ ಬೇಕು. ನನ್ನ ಗಂಡನಿಗೆ ಅಡ್ಡಹೆಸರಿಲ್ಲ, ಪಾಸ್‌ಪೋರ್ಟಿನ ಕೊನೆಯಲ್ಲಿರುವುದು ಅವರ ತಂದೆಯ ಹೆಸರು. ಅದನ್ನೇ ಕೊಡುವುದೆಂದು ಮೊದಲೇ ಮಾತಾಡಿಕೊಂಡಿದ್ದೆವು. ಹೊರಡುವ ಹೊತ್ತಿಗೆ ನನ್ನ ಗಂಡ ಬಾಗಿಲಲ್ಲಿ ನಿಂತರು.

“ನದಾಫ್ ಅಂತ ಬರಸ್ಲೇನು?”

“ನಿಮಗ ನಡೀತೇತೇನ್ರಿ?”

“ನಡೀಲಾರದೇನು. ಅಜ್ಜಾರು ಒಂದು ವರ್ಷದಿಂದ ಅದರ ಕಥಿ ಕೇಳಿಸ್ಯಾರ. ನಮ್ಮಪ್ಪನ ಹೆಸರಿಗೆ ಕಥಿ ಇಲ್ಲ.”

ಶಾಲೆಯಲ್ಲಿ ನಾನು ಅಂಗೈಯಿಂದ ಮುಚ್ಚಿಕೊಳ್ಳುತ್ತಿದ್ದ ಹೆಸರು ಹಾಗೆ ನನ್ನ ಮಗಳದಾಯಿತು. ಸುದ್ದಿ ಕೇಳಿ ಅಜ್ಜ ತೊಟ್ಟಿಲ ಮೇಲೆ ಬಗ್ಗಿ ಅವಳನ್ನು ‘ಪುಟ್ಟ ವೊಲ್‌ಶ್ಲೇಗರ್’ ಎಂದು ಕರೆದರು. ಗದುಗಿನಿಂದ ಅಬ್ಬಾ ಫೋನಿನಲ್ಲೇ ಮಗುವಿಗೆ ಬಿಲ್ಲಿನ ತಂತಿಯ ಸದ್ದು ಮಾಡಿ ಕೇಳಿಸಿದರು.

ಬೇಸಿಗೆಗೆ ಗಡಿಗಳು ತೆರೆದವು. ಅಜ್ಜ ತಾವೇ ಕಾರು ಓಡಿಸಿಕೊಂಡು ಹೊರಟರು, ನಾವು ಎಷ್ಟು ಹೇಳಿದರೂ ರೈಲು ಹತ್ತಲಿಲ್ಲ. ಒಂದು ವಾರಕ್ಕೆಂದು ಹೋದವರು. ದಿನಾ ಸಂದೇಶ ಬರುತ್ತಿತ್ತು, ಒಂದೇ ಉಸಿರಿನಲ್ಲಿ ಮಾತಾಡಿದ್ದು: ತಂದೆ ಚಕ್ರ ಮಾಡ್ತಿದ್ದ ಜಾಗ ನೋಡಿದೆ, ಈಗ ಅಲ್ಲಿ ಸೇಬಿನ ಮರ ಇವೆ, ಊರಲ್ಲಿ ನನ್ನ ಹೆಸರನ್ನ ಯಾರೂ ಕಾಗುಣಿತ ಹೇಳಿ ಅಂತ ಕೇಳೋಲ್ಲ, ಅಂಚೆಯವನು ಇಲ್ಲಿ ಒಂದೇ ಹೆಸರಿನ ಮನೆಗಳಲ್ಲಿ ಗೊಂದಲ ಮಾಡಿಕೊಳ್ತಾನೆ, ಎಷ್ಟು ಚೆನ್ನಾಗಿದೆ ಗೊತ್ತಾ. ವಾರ ತಿಂಗಳಾಯಿತು. ಎಲೆ ಉದುರುವ ಹೊತ್ತಿಗೆ ಒಮ್ಮೆ ಬಂದು, ಮನೆ ಖಾಲಿ ಮಾಡಿ, ಮಗುವಿಗೆ ಮುತ್ತಿಟ್ಟು ಅಲ್ಲಿಗೇ ಹೋಗಿಬಿಟ್ಟರು. ಒಡತಿಯ ಅಂಗಡಿಯ ಮೇಲಿನ ಕೋಣೆ ಅವರದಾಯಿತು.

ಮರುವರ್ಷ ವಸಂತದಲ್ಲಿ ಆಕೆಯೇ ಕರೆ ಮಾಡಿದರು. ಸಸಿಗಳಿಗೆ ನೀರು ಹಾಕಿ ಬಂದು ಕೂತವರು ಏಳಲಿಲ್ಲ ಎಂದರು. ಹೃದಯ.

ನಾವು ಮೂವರೂ ಹೋದೆವು. ಇಗರ್ಜಿಯ ಪಕ್ಕದ ಸಣ್ಣ ಸ್ಮಶಾನ, ಇಳಿಜಾರು, ಆಚೆ ಹೊಲಗಳು. ಮಕ್ಕಳು ಮುದುಕರು ಸೇರಿ ಬಹಳ ಜನ ಬಂದಿದ್ದರು. ಯಾರ ಗುರುತೂ ಇಲ್ಲದೆ ನಾವು ಹಿಂದೆ, ಊರವರ ಜೊತೆ ನಿಂತೆವು. ಅಲ್ಲಿಯ ಪದ್ಧತಿಯಂತೆ ಮನೆಯವರು ಮೊದಲು ಸಾಲಾಗಿ ಹೋಗಿ ಒಬ್ಬೊಬ್ಬರೇ ಹಿಡಿ ಮಣ್ಣು ಹಾಕುತ್ತಾರೆ. ಸಾಲನ್ನು ನಿಲ್ಲಿಸುತ್ತಿದ್ದ ಹಿರಿಯರೊಬ್ಬರು ನನ್ನ ಕರಿ ಸ್ಕಾರ್ಫು, ಕಂಕುಳಲ್ಲಿದ್ದ ಮಗು ನೋಡಿ ಹತ್ತಿರ ಬಂದು, ನೀವು ಅವರಿಗೆ ಏನಾಗಬೇಕು, ಎಂದು ಕೇಳಿದರು.

ಜರ್ಮನ್ನಿನಲ್ಲಿ ಉತ್ತರ ಜೋಡಿಸಲು ನನಗೆ ಹೊತ್ತು ಹಿಡಿಯಿತು. “ಅವರ ಮೇಲಿನ ಮನೆಯವಳು,” ಎಂದೆ.

ಅವರು ಸಾಲಿನ ಮುಂದಿದ್ದ ಅಂಗಡಿಯ ಒಡತಿಯ ಕಡೆ ನೋಡಿದರು. ಆಕೆ ತನ್ನ ಜಾಗ ಬಿಟ್ಟು ನಮ್ಮವರೆಗೂ ಇಳಿದು ಬಂದು, ನನ್ನ ಮೊಣಕೈ ಹಿಡಿದು ಕರೆದೊಯ್ದರು. ತನಗೂ ತನ್ನ ದೊಡ್ಡ ಮಗನಿಗೂ ನಡುವೆ ಜಾಗ ಮಾಡಿ ನಮ್ಮನ್ನು ನಿಲ್ಲಿಸಿದರು. ಮಗು ಹೊಸಬರ ಮುಖಗಳನ್ನು ಒಂದೊಂದಾಗಿ ನೋಡುತ್ತಿತ್ತು. ಸಾಲು ನಿಧಾನ ಮುಂದೆ ಸರಿಯಿತು. ನನ್ನ ಸರದಿ ಬಂದಾಗ ನಾನು ಬಗ್ಗಿ ಮಣ್ಣು ತೆಗೆದುಕೊಂಡೆ.